ಬ್ರೆಡ್ಡಿನಲ್ಲಿ ಬಂದ ಕೃಷ್ಣಪ್ಪ

ಮೊದಲೇ ಹೇಳಿಬಿಡುತ್ತೇನೆ, ಈ ಪ್ರಸಂಗದಲ್ಲಿ ತಪ್ಪು ಮಾಡಿದವರು ಇಬ್ಬರು. ಒಬ್ಬರು ನಮ್ಮ ಅತ್ತೆ, ಇನ್ನೊಬ್ಬಳು ನಾನು. ಅತ್ತೆ ಬಾಯಿ ಮುಚ್ಚಿಕೊಂಡು ತಪ್ಪು ಮಾಡಿದರು, ನಾನು ಬಾಯಿ ಬಿಟ್ಟು ಮಾಡಿದೆ. ನಮ್ಮಿಬ್ಬರ ನಡುವೆ ಸಿಕ್ಕಿಕೊಂಡವರು ಬೇಕರಿ ಅಜ್ಜಿ. ಅವರ ಪಾಡಿಗೆ ಅವರು ಹಿಟ್ಟು ನಾದಿಕೊಂಡಿದ್ದರು, ಪಾಪ.

ಆ ಬೇಕರಿ ಟೆಕ್ಸಾಸಿನ ಕಾಪೆಲ್‌ನಲ್ಲಿರುವ ನಮ್ಮ ಮನೆಯಿಂದ ಹತ್ತು ನಿಮಿಷದ ಡ್ರೈವ್. ಒಂದು ಕಡೆ ಟೈರ್ ಅಂಗಡಿ, ಇನ್ನೊಂದು ಕಡೆ ಬಟ್ಟೆ ಒಗೆಯುವ ಮಷೀನುಗಳ ಅಂಗಡಿ, ಮಧ್ಯದಲ್ಲಿ ಇದು. ಹೊರಗಿನಿಂದ ನೋಡಿದರೆ ಒಳಗೆ ಹೋಗಬೇಕು ಅನ್ನಿಸುವ ಹಾಗೇನೂ ಇಲ್ಲ. ಆದರೆ ಬಾಗಿಲು ತೆಗೆದರೆ ಸೋಂಪು, ದಾಲ್ಚಿನ್ನಿ, ಬೆಂದ ಹಿಟ್ಟಿನ ವಾಸನೆ ಮೂಗಿಗೆ ಬಡಿದು, ಡಯಟ್ ಅಂದುಕೊಂಡು ಬಂದವರು ಅಲ್ಲೇ ಡಯಟ್ ಬಿಟ್ಟುಬಿಡುತ್ತಾರೆ. ನಡೆಸುವವರು ಮೂವರು. ಎಪ್ಪತ್ತೈದು ದಾಟಿದ ಅಜ್ಜಿ, ಒಬ್ಬ ಮಗ, ಒಬ್ಬಳು ಮಗಳು. ಅಜ್ಜಿಯ ತವರು ನ್ಯೂ ಮೆಕ್ಸಿಕೋ. ಅಲ್ಲಿಯ ತಿಂಡಿಗಳನ್ನೇ ಇಲ್ಲಿಗೆ ತಂದು ನಲವತ್ತು ವರ್ಷದಿಂದ ಮಾಡುತ್ತಿದ್ದಾರೆ. ಬಿಸ್ಕೊಚಿಟೊ ಅನ್ನುವ ಸೋಂಪಿನ ಬಿಸ್ಕತ್ತು, ಸುಟ್ಟ ಹಸಿಮೆಣಸಿನಕಾಯಿ ಮತ್ತು ಚೀಸ್ ಹಾಕಿದ ಬ್ರೆಡ್ಡು, ಒಳಗೆ ಸಿಹಿಗುಂಬಳದ ಹೂರಣ ತುಂಬಿದ, ನೋಡಲು ಥೇಟ್ ನಮ್ಮ ಕರ್ಜಿಕಾಯಿಯಂಥ ಇನ್ನೊಂದು ತಿಂಡಿ. ಮೊದಲ ಸಲ ಅದನ್ನು ತಿಂದಾಗ ನಮ್ಮ ಮನೆಯವರು, ‘ನಮ್ಮವರು ಯಾರೋ ಹಿಂದೆ ಇಲ್ಲಿಗೆ ಬಂದು ಹೇಳಿಕೊಟ್ಟು ಹೋಗಿದಾರೆ ಕಣೇ’ ಅಂದರು. ಅವರಿಗೆ ಪ್ರಪಂಚದ ಎಲ್ಲ ತಿಂಡಿಯನ್ನೂ ಕಂಡುಹಿಡಿದವರು ನಾವೇ.

ನಮ್ಮ ಕಡೆಯವರು ಆ ಬೇಕರಿಗೆ ಹೋದರೆ ಎರಡು ಪ್ರಶ್ನೆ ಕೇಳದೆ ಏನನ್ನೂ ಮುಟ್ಟುವುದಿಲ್ಲ. ಮೊಟ್ಟೆ ಇದೆಯಾ? ಹಂದಿ ಕೊಬ್ಬು ಇದೆಯಾ? ಎರಡಕ್ಕೂ ಉತ್ತರ ‘ಇದೆ’. ಉಳಿದವರು ಇದನ್ನು ಕೇಳಿ ನೀರಿನ ಬಾಟಲಿ ಕೊಂಡು ವಾಪಸ್ ಹೋಗುತ್ತಿದ್ದರು. ನಾನು ಅಷ್ಟು ಸುಲಭಕ್ಕೆ ಹೋಗುವ ಪೈಕಿ ಅಲ್ಲ. ‘ಕೊಬ್ಬಿನ ಬದಲು ಬೆಣ್ಣೆ ಹಾಕಿ, ಮೊಟ್ಟೆ ಬದಲು ಮೊಸರು ಹಾಕಿ’ ಅಂತ ಅಜ್ಜಿಗೇ ಪಾಠ ಹೇಳಿದೆ. ನಲವತ್ತು ವರ್ಷ ಒಲೆಯ ಮುಂದೆ ನಿಂತವರಿಗೆ ನಾನು, ಕೇಕ್ ಮಾಡಿದರೆ ನಡು ಕುಸಿಯುವವಳು, ಬೇಕಿಂಗ್ ಹೇಳಿಕೊಟ್ಟೆ. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಮುಂದಿನ ಶನಿವಾರ ಹೋದರೆ ಗಾಜಿನ ಪೆಟ್ಟಿಗೆಯಲ್ಲಿ ನೀಲಿ ಟೇಪ್ ಅಂಟಿಸಿದ ಒಂದು ಟ್ರೇ ಕೂತಿತ್ತು. ಅದರಲ್ಲಿದ್ದದ್ದಕ್ಕೆ ಮೊಟ್ಟೆ ಇಲ್ಲ, ಕೊಬ್ಬು ಇಲ್ಲ. ಅಲ್ಲಿಂದ ಶುರುವಾಯಿತು ನೋಡಿ. ಶನಿವಾರ ಹತ್ತು ಗಂಟೆಗೆ ಹೋಗದಿದ್ದರೆ ಟ್ರೇ ಖಾಲಿ. ಹ್ಯೂಸ್ಟನ್ ಹತ್ತಿರ ಸೈಪ್ರೆಸ್‌ನಲ್ಲಿರುವ ನನ್ನ ನಾದಿನಿಯಂತೂ, ‘ನೀವು ಬರ್ಲಿಕ್ಕಂದ್ರೂ ಅಡ್ಡಿಯಿಲ್ಲ, ಬಿಸ್ಕತ್ತಿನ ಡಬ್ಬಿ ಕಳಸ್ರಿ’ ಅನ್ನುತ್ತಾಳೆ. ಹೇಳಿದ ಹಾಗೆಯೇ ನಡೆದುಕೊಳ್ಳುವವಳು ಬೇರೆ.

ಅತ್ತೆ ಧಾರವಾಡದವರು. ಮಾವ ಹೋದ ಮೇಲೆ ನಮ್ಮ ಜೊತೆ ಇರಲು ಬಂದು ಮೂರು ವರ್ಷವಾಗಿತ್ತು. ನಾನು ಮೈಸೂರಿನವಳು. ನಮ್ಮಿಬ್ಬರ ಕನ್ನಡಕ್ಕೆ ಮದುವೆಯಾಗಿ ಇಪ್ಪತ್ತು ವರ್ಷವಾದರೂ ಇನ್ನೂ ಪೂರ್ತಿ ಹೊಂದಾಣಿಕೆ ಆಗಿಲ್ಲ. ಆದರೆ ಅತ್ತೆಗೂ ಬೇಕರಿ ಅಜ್ಜಿಗೂ ಮೊದಲ ದಿನವೇ ಹೊಂದಿಕೊಂಡಿತು. ಇವರು ಧಾರವಾಡದ ಕನ್ನಡದಲ್ಲಿ ಮಾತಾಡುವುದು, ಅವರು ಸ್ಪ್ಯಾನಿಷ್‌ನಲ್ಲಿ ಉತ್ತರ ಕೊಡುವುದು. ಇಬ್ಬರೂ ತಲೆ ಆಡಿಸುವುದು. ಶನಿವಾರ ನಾನು ತರಕಾರಿ ತರಲು ಹೋದಾಗ ಅತ್ತೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಒಂದು ಗಂಟೆ ಕೂತಿರುತ್ತಿದ್ದರು. ಅಜ್ಜಿ ನಾದಿದ ಹಿಟ್ಟಿನ ಒಂದು ಚೂರು ತಂದು ಕೈಗೆ ಕೊಟ್ಟರೆ ಅತ್ತೆ ಬೆರಳಲ್ಲಿ ಒತ್ತಿ ನೋಡಿ, ‘ಇನ್ನಷ್ಟು ನಾದ್ರಿ’ ಅನ್ನುವರು. ಅವರಿಗೆ ಅದು ಹೇಗೋ ತಿಳಿಯುತ್ತಿತ್ತು, ಇನ್ನಷ್ಟು ನಾದುತ್ತಿದ್ದರು.

ಜನವರಿ ಆರಕ್ಕೆ ಆ ಬೇಕರಿಯಲ್ಲಿ ದೊಡ್ಡ ಹಬ್ಬ. ಶಿಶು ಯೇಸುವನ್ನು ನೋಡಲು ಮೂವರು ರಾಜರು ಬಂದ ದಿನವಂತೆ. ಆವತ್ತು ಚಕ್ರದಂಥ ದುಂಡನೆಯ ಬ್ರೆಡ್ಡು ಮಾಡುತ್ತಾರೆ. ಮೇಲೆ ಸಕ್ಕರೆ, ಸಕ್ಕರೆ ಪಾಕದ ಹಣ್ಣುಗಳು. ಒಳಗೆ ಹೆಬ್ಬೆರಳಿನ ಉಗುರಿಗಿಂತ ಸ್ವಲ್ಪ ದೊಡ್ಡದೊಂದು ಪ್ಲಾಸ್ಟಿಕ್ ಮಗುವನ್ನು ಬಚ್ಚಿಟ್ಟಿರುತ್ತಾರೆ. ಎಲ್ಲರೂ ಸೇರಿ ಕತ್ತರಿಸಿ ತಿನ್ನುವುದು. ಯಾರ ತುಂಡಿನಲ್ಲಿ ಮಗು ಸಿಕ್ಕಿತೋ ಅವರು ಅದಕ್ಕೆ ಬಟ್ಟೆ ತೊಡಿಸಬೇಕು, ಫೆಬ್ರವರಿ ಎರಡಕ್ಕೆ ಜೊತೆಗೆ ತಿಂದವರಿಗೆಲ್ಲ ತಮಾಲೆ ಮಾಡಿ ಬಡಿಸಬೇಕು. ತಮಾಲೆ ಅಂದರೆ ಮುಸುಕಿನ ಜೋಳದ ತೆನೆಯ ಸಿಪ್ಪೆಯಲ್ಲಿ ಅದೇ ಜೋಳದ ಹಿಟ್ಟು ಸುತ್ತಿ ಆವಿಯಲ್ಲಿ ಬೇಯಿಸಿದ ಕಡುಬು.

ಆ ವರ್ಷ ಜನವರಿ ಆರು ಶನಿವಾರವೇ ಬಂತು. ಅಜ್ಜಿ ನೀಲಿ ಟೇಪಿನ ಗಿರಾಕಿಗಳಿಗೆಂದೇ ಒಂದು ಪುಟ್ಟ ಚಕ್ರ ಮಾಡಿದ್ದರು, ಮೊಟ್ಟೆಯಿಲ್ಲದ್ದು. ನಲವತ್ತು ವರ್ಷದಲ್ಲಿ ಅದೇ ಮೊದಲು. ಆ ಹೊತ್ತಿಗೆ ಅಂಗಡಿಯಲ್ಲಿದ್ದವರು ಅತ್ತೆ, ನಾನು, ಹೈದರಾಬಾದಿನ ಒಬ್ಬ ಅಂಕಲ್, ಅವರ ಹೆಂಡತಿ. ಅಜ್ಜಿ ತಮ್ಮ ಮುರುಕು ಇಂಗ್ಲಿಷಿನಲ್ಲಿ ಮಗುವಿನ ವಿಷಯ ಎಲ್ಲ ವಿವರಿಸಿ, ನನ್ನ ಕಡೆ ತಿರುಗಿ, ‘ನಿಮ್ಮ ಅತ್ತೆಗೆ ಹೇಳಿ’ ಅಂದರು. ನಾನು ಅಜ್ಜಿಯ ಮಗಳ ಜೊತೆ ಟೋಲ್ ರಸ್ತೆಯ ಟ್ರಾಫಿಕ್ ಬಗ್ಗೆ ಗಹನವಾದ ಚರ್ಚೆಯಲ್ಲಿದ್ದೆ. ಅತ್ತೆಯ ಕಡೆ ಅರ್ಧ ತಿರುಗಿ, ‘ತಿನ್ನಿ ಅತ್ತೆ, ಮೊಟ್ಟೆ ಇಲ್ಲ’ ಅಂದೆ. ಅಜ್ಜಿ ಐದು ನಿಮಿಷ ಹೇಳಿದ್ದರ ಅನುವಾದ ಅಷ್ಟೇ.

ತಿಂದೆವು. ಚೆನ್ನಾಗಿತ್ತು. ಎಲ್ಲರ ತುಂಡೂ ಮುಗಿಯಿತು, ಮಗು ಮಾತ್ರ ಯಾರಿಗೂ ಸಿಗಲಿಲ್ಲ. ಅಂಕಲ್ ಗಾಬರಿಯಾಗಿ, ‘ನುಂಗಿಬಿಟ್ನಾ?’ ಅಂತ ಹೊಟ್ಟೆ ಮುಟ್ಟಿ ನೋಡಿಕೊಂಡರು. ಅಜ್ಜಿ ಹಲಗೆಯ ಮೇಲಿನ ಪುಡಿಯನ್ನೆಲ್ಲ ಬೆರಳಿನಿಂದ ಸರಿಸಿ ನೋಡಿದರು, ಹಲಗೆ ಎತ್ತಿ ಅದರ ಅಡಿ ನೋಡಿದರು. ‘ಹಾಕಿದ್ದೆ. ನನ್ನ ಕೈಯಾರೆ ಹಾಕಿದ್ದೆ’ ಅಂದರು. ಮಗ ಮೊದಲು ನಕ್ಕ. ಆಮೇಲೆ ಮೆಲ್ಲಗೆ, ‘ಅಮ್ಮ, ಹೋದ ವಾರ ನೀನು ಉಪ್ಪು ಎರಡು ಸಲ ಹಾಕಿದ್ದೆ, ನೆನಪಿದೆಯಾ?’ ಅಂದ. ‘ಅದು ಬೇರೆ’ ಅಂದರು ಅಜ್ಜಿ. ಅವರ ಮುಖ ನೋಡಲು ಆಗುತ್ತಿರಲಿಲ್ಲ.

ಇಂಥ ಹೊತ್ತಿನಲ್ಲಿ ತೆಪ್ಪಗಿರುವುದು ಮನುಷ್ಯರ ಲಕ್ಷಣ. ನನಗೆ ಅದು ಹುಟ್ಟಿನಿಂದ ಇಲ್ಲ. ಅಜ್ಜಿಯ ಮಗಳಿಗೆ ಸಮಾಧಾನ ಹೇಳಲು ಹೋದೆ. ‘ಬೇಜಾರು ಮಾಡ್ಕೋಬೇಡ, ವಯಸ್ಸಾದವರಿರೋ ಎಲ್ಲಾ ಮನೇಲೂ ಇದೇ. ನಮ್ಮತ್ತೆ ಒಲೆ ಮೇಲೆ ಹಾಲಿಟ್ಟು ಮರೆತುಬಿಟ್ರು. ಪಾತ್ರೆ ಸುಟ್ಟು ಕರ್ರಗಾಗಿ, ಅಲಾರಂ ಹೊಡ್ಕೊಂಡು, ಇಡೀ ಬೀದಿ ಹೊರಗೆ ಬಂತು. ಆವತ್ತಿಂದ ಅವರನ್ನ ಒಲೆ ಹತ್ರ ಬಿಟ್ಟಿಲ್ಲ. ತರಕಾರಿ ಹೆಚ್ಚಿಕೊಡಿ ಸಾಕು ಅಂದಿದೀನಿ. ಸೇಫ್ಟಿ ಮುಖ್ಯ ಅಲ್ವಾ?’ ಅಂದೆ. ಮಗಳು ಹೌದೆಂದು ತಲೆ ಆಡಿಸಿದಳು. ಮಗನೂ ಕೇಳಿಸಿಕೊಂಡ. ಅತ್ತೆ ಇದಾವುದಕ್ಕೂ ಸಂಬಂಧವಿಲ್ಲದವರ ಹಾಗೆ ಬ್ಯಾಗಿನ ಜಿಪ್ ಎಳೆದುಕೊಂಡು, ಕಿಟಕಿಯ ಆಚೆ ನೋಡುತ್ತಾ ಬಹಳ ತೃಪ್ತಿಯಿಂದ ಕೂತಿದ್ದರು. ಬ್ರೆಡ್ಡು ರುಚಿಸಿರಬೇಕು ಅಂದುಕೊಂಡೆ.

ಮುಂದಿನ ಶನಿವಾರ ಹೋದರೆ ಹಿಟ್ಟಿನ ಮೇಜಿನ ಮುಂದೆ ಅಜ್ಜಿ ಇಲ್ಲ. ಮಗ ನಾದುತ್ತಿದ್ದ, ಬೆವರುತ್ತಿದ್ದ. ಅಜ್ಜಿಗೆ ಹುಷಾರಿಲ್ಲವಾ ಅಂತ ಕೇಳಿದೆ. ಮಗಳು, ‘ಹುಷಾರಾಗಿದಾರೆ. ಅಣ್ಣ ಮನೇಲಿ ಇರು ಅಂದಿದಾನೆ. ಓವನ್ ಇದೆ, ಹಿಟ್ಟು ಕಲಸೋ ಮಷೀನ್ ಇದೆ, ಏನಾದ್ರೂ ಹೆಚ್ಚುಕಮ್ಮಿ ಆದ್ರೆ? ನೀವು ಆವತ್ತು ನಿಮ್ಮ ಅತ್ತೆ ವಿಷಯ ಹೇಳಿದ್ರಲ್ಲ, ಅದು ಅವನಿಗೆ ಸರಿ ಅನ್ನಿಸ್ತು’ ಅಂದಳು.

ನಾಚಿಕೆ ಬಿಟ್ಟು ಹೇಳುತ್ತೇನೆ, ಅದನ್ನು ಕೇಳಿದ ಮೊದಲ ಕ್ಷಣ ನನಗೆ ಸ್ವಲ್ಪ ಹೆಮ್ಮೆಯೇ ಆಯಿತು. ನಮ್ಮ ಮನೆಯಲ್ಲಿ ನಾಯಿ ಕೂಡ ನನ್ನ ಮಾತು ಕೇಳುವುದಿಲ್ಲ, ಇಲ್ಲಿ ಒಂದು ಸಂಸಾರ ನನ್ನ ಸಲಹೆಯ ಮೇಲೆ ನಡೆಯುತ್ತಿದೆ ಅಂತ. ಆಮೇಲೆ ಮಗಳು ಹೇಳಿದಳು. ಅಮ್ಮ ರೂಮಿನಿಂದ ಹೊರಗೆ ಬರುತ್ತಿಲ್ಲ. ಆವತ್ತು ಬೆಳಿಗ್ಗೆ ಏನೇನು ಮಾಡಿದೆ ಅನ್ನುವುದನ್ನೇ ದಿನಕ್ಕೆ ಹತ್ತು ಸಲ ಒಪ್ಪಿಸುತ್ತಾಳೆ. ಹಿಟ್ಟು ಉಬ್ಬಿತು, ಚಕ್ರ ಮಾಡಿದೆ, ಬೆಂದ ಮೇಲೆ ತಿರುವಿ ಹಾಕಿ ಅಡಿಯಿಂದ ಗೊಂಬೆ ತೂರಿಸಿದೆ, ಕೆಂಪು ಚೆರ್ರಿಯ ಕೆಳಗೆ, ಅಂತ. ‘ಹೇಳಿದ್ದನ್ನೇ ಹೇಳೋದೂ ಮರೆವಿನ ಲಕ್ಷಣಾನೇ ಅಂತಾನೆ ಅಣ್ಣ.’ ನಾನು ಬಿಸ್ಕತ್ತು ಕಚ್ಚಿದೆ. ಸೋಂಪು ಕಡಿಮೆ, ದಾಲ್ಚಿನ್ನಿ ಹೆಚ್ಚು. ಅಜ್ಜಿ ಇಲ್ಲ ಅನ್ನುವುದು ಬಾಯಿಗೆ ಗೊತ್ತಾಯಿತು. ಕಾರಿನಲ್ಲಿ ಅತ್ತೆ, ‘ಆಕಿ ಯಾಕ ಕಾಣಲಿಲ್ಲ?’ ಅಂದರು. ‘ಮರೆವು ಶುರುವಾಗಿದೆಯಂತೆ’ ಅಂದೆ. ‘ಪಾಪ’ ಅಂದರು ಅತ್ತೆ, ಬ್ಯಾಗನ್ನು ಎದೆಗೆ ಅವಚಿಕೊಂಡು.

ಆ ವಾರವಿಡೀ ಅತ್ತೆಯದು ಏನೋ ಬೇರೆ ರೀತಿ. ಧನುರ್ಮಾಸದ ಪೂಜೆ ಅಂತ ನಸುಕಿನಲ್ಲಿ ಏಳುವುದು ಸರಿ, ಪ್ರತಿ ವರ್ಷದ್ದು. ಆದರೆ ಈ ಸಲ ದೇವರ ಮನೆಯ ಬಾಗಿಲು ಹಾಕಿಕೊಳ್ಳುತ್ತಿದ್ದರು. ಒಂದು ದಿನ ನನ್ನ ಹಸಿರು ರೇಷ್ಮೆ ರವಿಕೆಯ ಉಳಿದ ಬಟ್ಟೆ ಕೇಳಿದರು, ಬೆರಳಗಲ ಸಾಕಂತೆ. ಇನ್ನೊಂದು ದಿನ ಕಾಡಿಗೆ. ಎಪ್ಪತ್ನಾಲ್ಕನೇ ವಯಸ್ಸಿನಲ್ಲಿ ಕಾಡಿಗೆ ಯಾಕೆ ಅಂತ ಕೇಳಿದರೆ, ‘ಕೊಡೋದಿದ್ರ ಕೊಡು’ ಅಂದರು. ಕೊಟ್ಟೆ.

ಸಂಕ್ರಾಂತಿ ಸೋಮವಾರ ಬಂತು. ಪುಣ್ಯಕ್ಕೆ ಆವತ್ತು ಆಫೀಸಿಗೂ ಸ್ಕೂಲಿಗೂ ರಜೆ. ಹೊರಗೆ ನಲ್ಲಿಯ ನೀರು ಹೆಪ್ಪುಗಟ್ಟುವ ಚಳಿ. ನಾನು ಎಳ್ಳುಬೆಲ್ಲದ ತಟ್ಟೆಯನ್ನು ನೈವೇದ್ಯಕ್ಕೆ ಇಡೋಣ ಅಂತ ದೇವರ ಮನೆಯ ಬಾಗಿಲನ್ನು ಮೊಣಕೈಯಿಂದ ತಳ್ಳಿದೆ.

ನಮ್ಮ ಮನೆಯ ಬೆಳ್ಳಿ ತೊಟ್ಟಿಲಿನ ಒಡೆಯ ಅಂಬೆಗಾಲಿನ ಹಿತ್ತಾಳೆ ಕೃಷ್ಣ. ಅವನನ್ನು ಎತ್ತಿ ಪಕ್ಕಕ್ಕೆ, ಗಂಟೆಯ ಬಳಿ ಕೂರಿಸಿದ್ದರು. ತೊಟ್ಟಿಲಿನಲ್ಲಿ ಗುಲಾಬಿ ಬಣ್ಣದ ಪ್ಲಾಸ್ಟಿಕ್ ಮಗು ಮಲಗಿತ್ತು. ಮೈಮೇಲೆ ನನ್ನ ರವಿಕೆಯ ರೇಷ್ಮೆ, ಕೆನ್ನೆಗೆ ದೃಷ್ಟಿಬೊಟ್ಟು. ಸಂಕ್ರಾಂತಿಯ ದಿನ ಚಿಕ್ಕ ಮಕ್ಕಳಿಗೆ ದೃಷ್ಟಿ ತಾಗದಿರಲಿ ಎಂದು ತಲೆಯ ಮೇಲೆ ಹಣ್ಣು ಸುರಿಯುತ್ತಾರಲ್ಲ, ಮೈಸೂರಿನಲ್ಲಾದರೆ ಎಲಚಿ ಹಣ್ಣು, ಧಾರವಾಡದಲ್ಲಾದರೆ ಬಾರಿಹಣ್ಣು. ಟೆಕ್ಸಾಸಿನಲ್ಲಿ ಬ್ಲೂಬೆರಿ. ಅತ್ತೆ ಬಟ್ಟಲಿನಿಂದ ಬ್ಲೂಬೆರಿ, ಕಲ್ಲುಸಕ್ಕರೆ, ಎರಡು ನಾಣ್ಯ ಎಲ್ಲವನ್ನೂ ಭಕ್ತಿಯಿಂದ ಸುರಿಯುತ್ತಿದ್ದರು. ಒಂದೊಂದು ಬ್ಲೂಬೆರಿಯೂ ಮಗುವಿನ ತಲೆಗಿಂತ ದೊಡ್ಡದು.

‘ಅತ್ತೆ! ಇದೇನಿದು?’

‘ಸಾವಕಾಶ ಮಾತಾಡು. ಮಲಗ್ಯಾನ.’

‘ಯಾರು?’

‘ಕೃಷ್ಣಪ್ಪ.’

‘ಎಲ್ಲಿಂದ ಬಂದ ಇವನು?’

‘ಬ್ರೆಡ್ಡಿನ್ಯಾಗ ಬಂದ’ ಅಂದರು ಅತ್ತೆ, ಅದೊಂದು ಮಾಮೂಲಿ ದಾರಿ ಅನ್ನುವ ಹಾಗೆ. ‘ಧನುರ್ಮಾಸದಾಗ, ಸೀದಾ ಬಾಯಾಗ. ಜ್ವಾಕಿಯಿಂದ ತಿಂದೆ, ಪುಣ್ಯ. ಇಲ್ಲಾಂದ್ರ ಕಾಲು ಮುರೀತಿತ್ತು ಕೂಸಿಂದು.’

‘ಆವತ್ತೇ ಯಾಕೆ ಹೇಳಲಿಲ್ಲ?’

‘ತಾನಾಗಿ ಬಂದ ದೇವರನ್ನ ಮಂದಿಗೆಲ್ಲಾ ತೋರಿಸ್ಕೋತ ಅಡ್ಡಾಡ್ತಾರೇನು? ಮತ್ತ ನಿನಗ ಹೇಳಿದ್ರ ಏನ ಮಾಡ್ತಿದ್ದಿ, ನನಗ ಗೊತ್ತಿಲ್ಲೇನು? ತಿನ್ನೋ ಬ್ರೆಡ್ಡಿನ್ಯಾಗ ಪ್ಲಾಸ್ಟಿಕ್ ಹಾಕೀರಿ ಅಂತ ಆಕಿ ಜೋಡಿ ಜಗಳಾ ತೆಗೀತಿದ್ದಿ.’

ಅದು ನಿಜ. ತೆಗೆಯುತ್ತಿದ್ದೆ. ನನಗೆ ನಗು ತಡೆಯಲಾಗಲಿಲ್ಲ. ತಟ್ಟೆ ಕೆಳಗಿಟ್ಟು, ಗೋಡೆಗೆ ಒರಗಿ ಕೂತು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆ. ನಗುತ್ತಾ ನಗುತ್ತಾ ಇದ್ದಕ್ಕಿದ್ದಂತೆ ಹಲಗೆಯ ಅಡಿ ಹುಡುಕುತ್ತಿದ್ದ ಬೇಕರಿ ಅಜ್ಜಿಯ ಮುಖ ಕಣ್ಣಮುಂದೆ ಬಂತು. ನಗು ಅಲ್ಲೇ ನಿಂತಿತು. ‘ಅಯ್ಯೋ ರಾಮ’ ಅಂದೆ. ಅತ್ತೆಗೆ ಎಲ್ಲ ಹೇಳಿದೆ. ಇದು ಅವರ ಪದ್ಧತಿ, ಗೊಂಬೆಯನ್ನು ಬೇಕೆಂದೇ ಇಡುತ್ತಾರೆ, ಸಿಕ್ಕಿದವರು ಹೇಳಬೇಕು, ಇದನ್ನು ಆವತ್ತೇ ನಾನು ನಿಮಗೆ ತಿಳಿಸಬೇಕಿತ್ತು, ತಿಳಿಸಲಿಲ್ಲ. ಗೊಂಬೆ ಸಿಗಲಿಲ್ಲ ಅಂತ ಅಜ್ಜಿಗೆ ಮರೆವು ಬಂದಿದೆ ಎಂದುಕೊಂಡು ಮಗ ಅವರನ್ನು ಮನೆಯಲ್ಲಿ ಕೂರಿಸಿದ್ದಾನೆ.

ಅತ್ತೆಯ ಕೈ ಬಟ್ಟಲಿನಲ್ಲೇ ನಿಂತಿತು. ‘ಅಂದ್ರ ಆಕಿ ಹಾಕಿದ್ಲು. ಮರ್ತಿಲ್ಲ.’

‘ಮರೆತಿಲ್ಲ.’

‘ನನ್ನ ಸಲುವಾಗಿ ಮನ್ಯಾಗ ಕೂತಾಳ ಹಂಗಾದ್ರ.’

‘ನಿಮ್ಮಿಂದ ಮಾತ್ರ ಅಲ್ಲ ಅತ್ತೆ’ ಅಂತ, ಬೇಕರಿಯಲ್ಲಿ ನಾನು ಹೇಳಿದ ಹಾಲಿನ ಕತೆಯನ್ನೂ ಒಪ್ಪಿಸಿದೆ. ಬಯ್ಯುತ್ತಾರೆ ಅಂದುಕೊಂಡೆ. ಬಯ್ಯಲಿಲ್ಲ. ಚೆಲ್ಲಿದ ಬ್ಲೂಬೆರಿಗಳನ್ನು ಒಂದೊಂದಾಗಿ ಆರಿಸಿ ಬಟ್ಟಲಿಗೆ ಹಾಕುತ್ತಾ, ‘ಆ ಹಾಲು ನಾ ಇಟ್ಟಿದ್ದಿಲ್ಲ’ ಅಂದರು. ‘ನೀ ಇಟ್ಟಿದ್ದಿ. ಸೈಪ್ರೆಸ್ಸಿಂದ ಫೋನ್ ಬಂತು, ಮಾತಾಡ್ಕೋತ ಹಿತ್ತಲಕ್ಕ ಹೋದಿ. ನಾ ಇಲ್ಲೇ ಜಪಕ್ಕ ಕೂತಿದ್ದೆ.’

ನೆನಪಾಯಿತು. ನಾದಿನಿಯ ಫೋನು, ಒಂದು ಗಂಟೆ ಮಾತು, ಹಿತ್ತಲಿನಲ್ಲಿ ಬಿಸಿಲಿಗೆ ನಿಂತು ಯಾರದೋ ಮದುವೆಯ ಸೀರೆಗಳ ಪೋಸ್ಟ್‌ಮಾರ್ಟಂ. ಹಾಲಿಟ್ಟದ್ದೂ ನೆನಪಾಯಿತು. ಫ್ರಿಜ್ಜಿನ ಬಾಗಿಲನ್ನು ಕಾಲಿನಿಂದ ತಳ್ಳಿದ್ದು ಕೂಡ.

‘ಆವಾಗಲೇ ಯಾಕೆ ಹೇಳಲಿಲ್ಲ ಅತ್ತೆ?’

‘ಹೇಳಿದೆನಲ್ಲ. ನೀ ಎಲ್ಲಿ ಕೇಳಿದಿ? ಇರಲಿ ಬಿಡಿ ಅತ್ತೆ, ವಯಸ್ಸಾದ ಮೇಲೆ ಹಾಗೇನೇ ಅಂದಿ. ಎರಡು ಸಲ ಹೇಳಿದೆ. ಆಮ್ಯಾಲೆ ನನಗೂ ಅನಸ್ಲಿಕ್ಕೆ ಹತ್ತಿತು, ನಾನ ಇಟ್ಟಿರಬೇಕು ಅಂತ.’

ನನಗೆ ಆದ ನಾಚಿಕೆಯನ್ನು ಹೇಗೆ ಹೇಳಲಿ. ಒಂದು ವರ್ಷದಿಂದ ಅವರನ್ನು ನಾನು ಒಲೆಯಿಂದ ದೂರ ಇಟ್ಟಿದ್ದೆ. ಬಂದವರಿಗೆಲ್ಲ ಆ ಕತೆ ಹೇಳಿ ನಗಿಸಿದ್ದೆ, ಅವರ ಎದುರಿಗೇ. ಅಳು ಬಂತು, ಅತ್ತುಬಿಟ್ಟೆ. ಅತ್ತೆಗೆ ಅಳುವವರನ್ನು ಕಂಡರೆ ಆಗುವುದಿಲ್ಲ. ‘ಸಾಕ ಮಾಡು. ಹಬ್ಬದ ದಿನ ಏನ ಹಚ್ಚಿ? ಏಳು, ಗಾಡಿ ತಗಿ’ ಅಂದರು.

‘ಈಗಲೇನಾ? ಅಡಿಗೆ?’

‘ಆಕಿ ಎಂಟು ದಿನದಿಂದ ಮನ್ಯಾಗ ಕೂತಾಳ. ನಿನಗ ಅಡಗಿ ಚಿಂತಿ.’

ಕುಂಕುಮದ ಬೆಳ್ಳಿ ಡಬ್ಬಿಯನ್ನು ಒರೆಸಿ, ತಳಕ್ಕೆ ಹತ್ತಿ ಹಾಸಿ, ಮಗುವನ್ನು ಮಲಗಿಸಿದರು. ಇರಕಲ್ ಸೀರೆಯ ಮೇಲೆ ನಮ್ಮ ಮನೆಯವರ ದಪ್ಪ ಜಾಕೆಟ್ ಹಾಕಿಕೊಂಡು ಕಾರು ಹತ್ತಿದರು. ದಾರಿಯಲ್ಲಿ ಸಿಗ್ನಲ್ ಹತ್ತಿರ ಒಮ್ಮೆ, ‘ಬ್ರೇಕ್ ಸಾವಕಾಶ ಹಾಕು, ಕೂಸು ಅದ’ ಅಂದರು ಅಷ್ಟೇ.

ಬೇಕರಿಯಲ್ಲಿ ಗಿರಾಕಿಗಳು ಯಾರೂ ಇರಲಿಲ್ಲ. ನಾನು ಮಗಳ ಹತ್ತಿರ, ‘ನಿಮ್ಮ ಅಮ್ಮನ್ನ ಕರ್ಕೊಂಡು ಬಾ, ಅವರಿಗೆ ತೋರಿಸೋದು ಇದೆ’ ಅಂದೆ. ಅವರ ಮನೆ ಹಿಂದಿನ ರಸ್ತೆಯಲ್ಲೇ. ಕಾಲು ಗಂಟೆಯಲ್ಲಿ ಕರೆತಂದಳು. ಅಜ್ಜಿಯನ್ನು ಅಪ್ರನ್ ಇಲ್ಲದೆ ನಾನು ನೋಡಿದ್ದು ಅದೇ ಮೊದಲು. ಕರಿಯ ಕೋಟು, ಬಾಚಿದ ಕೂದಲು, ಕೈಯಲ್ಲಿ ಪುಟ್ಟ ಪರ್ಸು. ಯಾವುದೋ ಆಫೀಸಿಗೆ ಅರ್ಜಿ ಹಿಡಿದು ಬಂದವರ ಹಾಗೆ ಕಂಡರು. ಮಗ ಒಳಗಿನಿಂದ ಕೈ ಒರೆಸಿಕೊಳ್ಳುತ್ತಾ ಬಂದ.

ಅತ್ತೆ ಡಬ್ಬಿಯ ಮುಚ್ಚಳ ತೆಗೆದು ಅಜ್ಜಿಯ ಮುಂದೆ ಹಿಡಿದರು.

ಅಜ್ಜಿ ಬಗ್ಗಿ ನೋಡಿದರು. ಕನ್ನಡಕ ಹಾಕಿಕೊಂಡು ಮತ್ತೆ ನೋಡಿದರು. ಒಂದು ಬೆರಳಿನಿಂದ ಹಸಿರು ರೇಷ್ಮೆಯನ್ನು ಮುಟ್ಟಿದರು. ನಾನು ನನ್ನ ಜೀವಮಾನದಲ್ಲಿ ಒಮ್ಮೆಯಾದರೂ ಪೂರ್ತಿ ಅನುವಾದ ಮಾಡೋಣ ಅಂತ ನಿಂತೆ. ಮೊದಲಿನಿಂದ ಕೊನೆಯವರೆಗೆ ಹೇಳಿದೆ. ದೇವರು ಅಂದುಕೊಂಡದ್ದು, ತೊಟ್ಟಿಲು, ಬ್ಲೂಬೆರಿ, ನಾನು ಆವತ್ತು ಏನನ್ನೂ ತಿಳಿಸದೆ ಬರೀ ತಿನ್ನಿ ಅಂದದ್ದು. ಆಮೇಲೆ ಮಗನ ಕಡೆ ತಿರುಗಿ, ‘ಆ ಹಾಲಿಟ್ಟು ಮರೆತವಳು ನಾನು, ನಮ್ಮತ್ತೆ ಅಲ್ಲ. ನನ್ನ ಮಾತು ಕೇಳಿ ಏನನ್ನೂ ಮಾಡಬೇಡಿ, ದಯವಿಟ್ಟು’ ಅಂದೆ. ಅವನು ನೆಲ ನೋಡಿದ.

ಅಜ್ಜಿ ಕೇಳಿದ್ದು ಒಂದೇ ಪ್ರಶ್ನೆ. ‘ಇವರ ತುಂಡಿನ ಮೇಲೆ ಏನಿತ್ತು?’

ಅತ್ತೆಗೆ ಕೇಳಿದೆ. ‘ಕೆಂಪ ಹಣ್ಣು’ ಅಂದರು ಅತ್ತೆ.

ಚೆರ್ರಿ, ಅಂದೆ. ಅಜ್ಜಿ ಮಗನ ಕಡೆ ತಿರುಗಿ ಎರಡೂ ಅಂಗೈಗಳನ್ನು ಅವನ ಮುಖದ ಮುಂದೆ ಹಿಡಿದರು. ‘ನೋಡು. ಎಂಟು ದಿನದಿಂದ ಉಗುರಿನ ಸಂದಿಯಲ್ಲೂ ಹಿಟ್ಟಿಲ್ಲ’ ಅಂದರು. ಅವರಿಗೆ ಅಳು ಬಂತು. ಮಗಳಿಗೂ ಬಂತು. ನನಗಂತೂ ಬೆಳಿಗ್ಗೆಯದೇ ಇನ್ನೂ ಬಾಕಿ ಇತ್ತು.

ಆಮೇಲೆ ವಾತಾವರಣ ಸ್ವಲ್ಪ ತಿಳಿಯಾಯಿತು. ಅಜ್ಜಿ ಕಣ್ಣು ಒರೆಸಿಕೊಂಡು ಕೆನ್ನೆಯ ಕರಿಬೊಟ್ಟು ಏನೆಂದು ಕೇಳಿದರು. ಹೇಳಿದೆ. ಬಟ್ಟೆ ತೊಡಿಸಬೇಕು ಅಂತ ಯಾರೂ ಹೇಳದೆಯೇ ತೊಡಿಸಿದ್ದಾಳೆ, ನಮ್ಮವರಲ್ಲೇ ಎಷ್ಟೋ ಜನ ಇಷ್ಟು ಚೆನ್ನಾಗಿ ನೋಡಿಕೊಳ್ಳುವುದಿಲ್ಲ, ಆದರೆ ತಮಾಲೆ ಮಾತ್ರ ಬಿಡುವ ಹಾಗಿಲ್ಲ, ಅಂದರು. ಅತ್ತೆಗೆ ತಿಳಿಸಿದೆ. ‘ಕಡಬ ಹೌದಲ್ಲೋ? ಮಾಡೂಣಂತ. ಹಂದಿದೇನೂ ಹಾಕಂಗಿಲ್ಲ ಅಂತ ಹ್ಯಾಳು. ಮತ್ತ ಬೇಯಿಸಾಕಿ ನಾನ’ ಅಂತ ನನ್ನನ್ನೇ ನೋಡಿದರು. ‘ಇವತ್ತಿಂದ ಒಲಿ ನಂದು.’

‘ಒಲೆ ನಿಮ್ಮದೇ ಅತ್ತೆ’ ಅಂದೆ.

ಮಗನಿಗೂ ಏನೋ ಹೇಳಬೇಕು ಅನ್ನಿಸಿರಬೇಕು. ಕೆಟ್ಟವನಲ್ಲ, ಅವನಿಗೆ ತಾಯಿಯ ಬಗ್ಗೆ ಹೆದರಿಕೆ, ಅಷ್ಟೇ. ‘ಮುಂದಿನ ವಾರದಿಂದ ಬೆಳಿಗ್ಗೆ ಒಂದೆರಡು ಗಂಟೆ ಬಾ ಅಮ್ಮ. ಹೇಗಾಗುತ್ತೆ ನೋಡೋಣ’ ಅಂದ.

ಅಜ್ಜಿ ಸರಿ ಅನ್ನುವ ಹಾಗೆ ತಲೆ ಆಡಿಸಿದರು. ಆದರೆ ನಿಂತಲ್ಲಿಂದ ಕದಲಲಿಲ್ಲ. ಅವರು ನಿಂತದ್ದು ಕೌಂಟರಿನ ಈಚೆ, ಗಿರಾಕಿಗಳು ನಿಲ್ಲುವ ಜಾಗದಲ್ಲಿ. ಆ ಕೌಂಟರನ್ನು ಹಾಕಿಸಿದವರು ಅವರೇ. ಈಗ ಪರ್ಸನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಒಳಗಿನ ಮೇಜನ್ನೊಮ್ಮೆ, ಮಗನ ಮುಖವನ್ನೊಮ್ಮೆ ನೋಡುತ್ತಿದ್ದರು. ಒಳಗೆ ಬರಲಾ ಅಂತ ಕೇಳುವವರ ಹಾಗೆ.

‘ಏನಂದ ಅವ?’ ಅಂದರು ಅತ್ತೆ.

ಹೇಳಿದೆ.

ಅತ್ತೆ ಡಬ್ಬಿಯನ್ನು ನನ್ನ ಕೈಗೆ ಕೊಟ್ಟರು. ಜಾಕೆಟಿನ ತೋಳು ಮೇಲೆ ಸರಿಸಿಕೊಂಡು ಕೌಂಟರಿನ ತುದಿಗೆ ಹೋದರು. ಅಲ್ಲಿ ಒಳಗೆ ಹೋಗಲು ಮೇಲಕ್ಕೆತ್ತುವ ಒಂದು ಹಲಗೆ ಇದೆ, ಭಾರದ್ದು. ಅದನ್ನು ಎರಡೂ ಕೈಯಿಂದ ಎತ್ತಿ ಹಿಡಿದುಕೊಂಡು ನಿಂತರು.

‘ನೀವು ಒಳಗ ನಡೀರಿ’ ಅಂದರು ಅಜ್ಜಿಗೆ. ‘ಯಾರನ್ನೂ ಕೇಳಬ್ಯಾಡ್ರಿ.’

ನಾನು ಅನುವಾದ ಮಾಡಲು ಬಾಯಿ ತೆಗೆದೆ.

‘ನೀ ಸುಮ್ಮಕಿರು’ ಅಂದರು ಅತ್ತೆ.

ಅಜ್ಜಿ ಆಗಲೇ ಒಳಗೆ ಹೋಗಿ ಕೈ ತೊಳೆಯುತ್ತಿದ್ದರು.